ಹಾಜರಿಯಲ್ಲಿ ಗಂಡನ ಹೆಸರು

ದೆವ್ವ, ಆತ್ಮ ಎಂದು ಯಾರಾದರೂ ಮಾತು ತೆಗೆದರೆ, ಒಲೆಯ ಮೇಲಿನ ಹಾಲು ನೋಡುವ ನೆಪದಲ್ಲಿ ಎದ್ದು ಹೋಗುತ್ತಿದ್ದವಳು ನಾನು. ರಾಯಚೂರಿನ ಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು. ಹಾಗಾಗಿ ಇದನ್ನು ಬರೆಯಲು ನನಗೇ ಸಂಕೋಚ. ನಗುವವರು ನಗಲಿ.

ನಿವೃತ್ತಿಯಾದ ಮೇಲೆ ಫೋನಿನಲ್ಲೇ ಒಂದು ಬೆಳಗಿನ ತರಗತಿ ನಡೆಸುತ್ತಿದ್ದೇನೆ. ಉಸಿರಾಟ, ಮೈ ಸಡಿಲಿಸುವ ಆಸನ, ಕೊನೆಗೆ ಹತ್ತು ನಿಮಿಷ ಮನಸ್ಸಿನ ಮಾತು. ದೇವದುರ್ಗ, ಮಾನ್ವಿಯ ಹೆಂಗಸರೇ ಹೆಚ್ಚು. ಅವರು ಸೇರುವುದು ಗಂಡನ ಫೋನಿನಿಂದ, ಆದ್ದರಿಂದ ಪರದೆಯ ತುಂಬ ಗಂಡಂದಿರ ಹೆಸರು. ಹಳೆಯ ಚಟ ಬಿಡದೆ ನಾನು ಹಾಜರಿ ಕರೆಯುತ್ತೇನೆ. 'ಅಮರಪ್ಪ' ಎಂದರೆ ಅಮರಪ್ಪನ ಹೆಂಡತಿ ನಗುತ್ತಾ "ಬಂದೀನ್ರಿ" ಎನ್ನುತ್ತಾಳೆ.

ಮಾನ್ವಿಯ ಒಬ್ಬ ಹಿರಿಯ ಹೆಂಗಸು ಸೇರಿದ್ದು ಗಂಡ ತೀರಿಕೊಂಡ ಮೇಲೆ. ಮಕ್ಕಳಿಲ್ಲ. ಪಕ್ಕದ ಮನೆಯ ಮುಮ್ತಾಜ್ ಬಲವಂತ ಮಾಡಿ ಸೇರಿಸಿದ್ದಳು. ಅವರಿಗೆ ನಿದ್ದೆಯಿಲ್ಲ, ಊಟ ಸೇರದು, ಅಳುವಂತೂ ಬಂದೇ ಇರಲಿಲ್ಲ. "ಎದಿ ಮ್ಯಾಲ ಬೀಸೂಕಲ್ಲು ಇಟ್ಟಂಗ ಆಗೇದ್ರಿ" ಎಂದಿದ್ದರು. ಪರದೆಯಲ್ಲಿದ್ದ 'ಶಿವಬಸಪ್ಪ' ಎಂಬ ಹೆಸರು ಬದಲಿಸೋಣವೇ ಎಂದು ಕೇಳಿದೆ.

"ಬ್ಯಾಡ್ರಿ ಅಕ್ಕೋರೆ. ಗಂಡನ ಹೆಸರು ನಾ ಅಂತೂ ಹೇಳಂಗಿಲ್ಲ. ದಿನಾ ಒಮ್ಮಿ ನೀವರ ಕರೀರಿ, ಕೇಳ್ತೀನಿ."

ಅಂದಿನಿಂದ ಆ ಹೆಸರನ್ನು ತುಸು ನಿಧಾನವಾಗಿ ಕರೆಯತೊಡಗಿದೆ. ಅವರ ಸ್ವಂತ ಹೆಸರನ್ನು ಕೇಳಬೇಕೆಂದು ಮಾತ್ರ ನನಗೆ ಹೊಳೆಯಲೇ ಇಲ್ಲ. ಎಲ್ಲರಂತೆ 'ಯವ್ವಾ' ಎನ್ನುತ್ತಿದ್ದೆ.

ಒಂದು ಬೆಳಿಗ್ಗೆ ವಾಡಿಕೆಯಂತೆ "ಶಿವಬಸಪ್ಪ" ಎಂದೆ. ಗಂಡಸಿನ ದನಿ ಬಂತು.

"ಗೌರಮ್ಮ ಎದ್ದಿಲ್ಲರಿ. ಎಬ್ಬಸ್ರಿ."

ಯಾರೋ ನೆಂಟರು ಬಂದಿರಬೇಕು ಎಂದುಕೊಂಡು ಪರದೆ ನೋಡಿದೆ. ಆ ಹೆಸರೇ ಅಲ್ಲಿರಲಿಲ್ಲ. ತರಗತಿಯಲ್ಲೇ ಇದ್ದ ಮುಮ್ತಾಜಳಿಗೆ "ಯವ್ವನ ಮನಿಗೆ ಓಡವಾ!" ಎಂದು ಕೂಗಿದೆ.

ರಾತ್ರಿ ಉಣ್ಣದೆ ಶುಗರ್ ಗುಳಿಗೆ ನುಂಗಿದ್ದರಂತೆ. ಎಚ್ಚರ ತಪ್ಪಿ ಬಿದ್ದಿದ್ದರು. ಇನ್ನೊಂದು ತಾಸು ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಅವರ ಫೋನು ಚಾರ್ಜ್ ಮುಗಿದು ಗೋಡೆಯ ಮಾಡದಲ್ಲಿ ಬಿದ್ದಿತ್ತು. ತರಗತಿಯ ಉಳಿದವರಿಗೆ ಕೇಳಿಸಿದ್ದು ಬರೀ ಗರಗರ ಸದ್ದು.

ನಾಲ್ಕು ದಿನ ಬಿಟ್ಟು ಬಸ್ಸು ಹತ್ತಿ ಮಾನ್ವಿಗೆ, ಯವ್ವನ ಮನೆಗೆ ಹೋದೆ. ಆ ದನಿಯ ಸಂಗತಿ ಹೇಳಬಾರದೆಂದೇ ಹೋಗಿದ್ದೆ, ಬಾಯಿ ಕೇಳಬೇಕಲ್ಲ! ಎಲ್ಲ ಕೇಳಿದ ಮೇಲೆ ಅವರು ಕೇಳಿದ್ದು ಒಂದೇ.

"ನನ್ನ ಹೆಸರು ಹಿಡದು ಕರದ್ರೇನ್ರಿ?"

"ಗೌರಮ್ಮ ಅಂದ್ರು. ಅದು ನಿಮ್ಮ ಹೆಸರೇನ್ರಿ?"

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. "ನಲವತ್ತು ವರ್ಷ 'ಏ, ಇಲ್ಲಿ ಬಾ' ಅಂತಿದ್ರು ರೀ. ಒಂದಿನಾನೂ ಹೆಸರು ಹಿಡದು ಕರದಿದ್ದಿಲ್ಲ." ಆಮೇಲೆ ಅತ್ತರು. ಅಷ್ಟು ತಿಂಗಳ ಅಳು ಒಂದೇ ಸಲಕ್ಕೆ ಬಂತು. ಮುಮ್ತಾಜಳೂ ಅತ್ತಳು, ನಾನೂ ಅತ್ತೆ.

ಆ ಹೆಸರನ್ನು ಎಂದೋ ಮುಮ್ತಾಜಳ ಬಾಯಲ್ಲಿ ಕೇಳಿ ಮರೆತಿದ್ದೆನೇ? ಇರಬಹುದು. ಆದರೆ ಅವರು ಎದ್ದಿಲ್ಲವೆಂದು ನನಗೆ ಯಾರು ಹೇಳಿದರು?

ಮರುವಾರ ಅವರು ತರಗತಿಗೆ ಬಂದರು. ನಾನು "ಶಿವಬಸಪ್ಪ" ಎಂದೆ.

"ಇನ್ನ ನನ್ನ ಹೆಸರು ಕರೀರಿ, ಅಕ್ಕೋರೆ. ಅವರೇ ಕರದಾರಲ್ಲ."