ಭಾವ ಎಲ್ಲದಕ್ಕೂ ಹೂಂ ಅಂದರು

ಕಿವಿ ಕೇಳದವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿ, ಅವರು ತಲೆಯಾಡಿಸಿದ್ದನ್ನೇ ಉತ್ತರ ಎಂದು ಬರೆದುಕೊಂಡು, ಕೆಳಗೆ ಸಹಿ ಹಾಕಿಸಿಕೊಂಡರೆ ಅದಕ್ಕೆ ಏನನ್ನುತ್ತಾರೆ?

ಕಸ್ಟಮರ್ ಸ್ಟೇಟ್‌ಮೆಂಟ್ ಅನ್ನುತ್ತಾರೆ. ನನಗೂ ಗೊತ್ತಿರಲಿಲ್ಲ. ಕಳೆದ ಆಗಸ್ಟ್‌ನಲ್ಲಿ ಶಿವಮೊಗ್ಗದ ಒಂದು ಅಂಗಡಿಯಲ್ಲಿ ಕಲಿತೆ.

ವಿಷಯ ನನ್ನ ಅಕ್ಕನ ಗಂಡನದು. ಮನೆ ಭದ್ರಾವತಿಯ ಜನ್ನಾಪುರ. ಮೂವತ್ತು ವರ್ಷ ಒಂದು ಸಾಮಿಲ್ಲಿನಲ್ಲಿ ಮರ ಕೊಯ್ಯುವ ಗರಗಸದ ಮುಂದೆ ನಿಂತು ದುಡಿದವರು. ಕೆಲಸ ಬಿಡುವ ಹೊತ್ತಿಗೆ ಕೈಬೆರಳು ಹತ್ತೂ ನೆಟ್ಟಗಿದ್ದವು. ಅದು ದೊಡ್ಡ ಸಂಗತಿ. ಕಿವಿ ಮಾತ್ರ ಮುಕ್ಕಾಲು ಹೋಗಿತ್ತು.

ಕಿವಿ ಹೋದವರನ್ನು ನೀವು ಹತ್ತಿರದಿಂದ ನೋಡಿದ್ದೀರಾ? ಮೊದಮೊದಲು "ಏನು?" ಎಂದು ಎರಡು ಸಲ ಕೇಳುತ್ತಾರೆ. ಮೂರನೆಯ ಸಲಕ್ಕೆ ಎದುರಿನವರ ಮುಖದಲ್ಲಿ ಬೇಸರ ಕಾಣುತ್ತದೆ. ಆಮೇಲೆ ಕೇಳುವುದನ್ನು ಬಿಟ್ಟು, ನಗುತ್ತಾ ಹೂಂ ಅನ್ನುವುದನ್ನು ರೂಢಿ ಮಾಡಿಕೊಳ್ಳುತ್ತಾರೆ. ಭಾವ "ಊಟ ಆಯ್ತಾ?" ಎಂದರೂ ಹೂಂ ಅನ್ನುತ್ತಿದ್ದರು, "ನಿಮ್ ಚಪ್ಲಿ ಎಲ್ಲಿ?" ಎಂದರೂ ಹೂಂ ಅನ್ನುತ್ತಿದ್ದರು.

ಕಳೆದ ವರ್ಷ ಸಂಕ್ರಾಂತಿ ಮುಗಿದ ವಾರ ನಾನೇ ಹಠ ಮಾಡಿ ಶಿವಮೊಗ್ಗಕ್ಕೆ ಕರೆಸಿ ಕಿವಿಯ ಮೆಷಿನ್ ಕೊಡಿಸಿದೆ. (ದುಡ್ಡು ಅವರದೇ. ಹಠ ಮಾತ್ರ ನನ್ನದು.) ಅಂಗಿ ಜೇಬಿನಲ್ಲಿ ದನಿ ಹಿಡಿಯುವ ಒಂದು ಪುಟ್ಟ ಡಬ್ಬಿ, ಅದರಿಂದ ಕಿವಿಗೆ ವೈರು. ಅಂಗಡಿಯವರು ಕಾಫಿ ತರಿಸಿದರು. ಕಾರ್ಡಿಗೆ ಸೀಲು ಹೊಡೆದು ಕೊಟ್ಟರು. ನಾನು ಅದನ್ನು ಓದಿ, "ಒಂದು ವರ್ಷ ಗ್ಯಾರಂಟಿ ಭಾವ" ಎಂದೆ. ದಪ್ಪ ಅಕ್ಷರಗಳನ್ನಷ್ಟೇ ಓದಿದ್ದೆ. ಹಿಂಬದಿಯಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್ ಇತ್ತು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ಸಂಬಳ ತೆಗೆದುಕೊಳ್ಳುವವಳು ನಾನು. ಆದರೂ ಅದನ್ನು ಓದಲಿಲ್ಲ.

ಅವತ್ತು ಭದ್ರಾವತಿ ಬಸ್ಸಿನಲ್ಲಿ ಕಂಡಕ್ಟರ್ ಸೀಟಿ ಊದಿದಾಗ ಭಾವ ಬೆಚ್ಚಿಬಿದ್ದು, ಆಮೇಲೆ ಒಬ್ಬರೇ ನಕ್ಕರು. ಮನೆಯಲ್ಲಿ ಅಕ್ಕ ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರಂತೆ. ತಿಂಗಳು ಕಳೆದ ಮೇಲೆ ಅಕ್ಕ ನನ್ನ ಹತ್ತಿರ ದೂರಿದಳು: "ಈಗ ಒಂದು ಮಾತಾಡಿದ್ರೆ ಎರಡು ತಿರುಗಿಸ್ತಾರೆ ಕಣೇ. ಮೊದ್ಲೇ ಚೆನ್ನಾಗಿತ್ತು." ಹೇಳುವಾಗ ಅವಳ ಮುಖ ನೋಡಬೇಕಿತ್ತು. ಹತ್ತು ವರ್ಷದ ಮೇಲೆ ಗಂಡನ ಜೊತೆ ಜಗಳ ಆಡಲು ಸಿಕ್ಕಿತ್ತು ಅವಳಿಗೆ.

ಮೇ ತಿಂಗಳಲ್ಲಿ ಮೆಷಿನ್ ಎರಡು ದಿನ ಕುಂಯ್ ಎಂದಿತು. ಮೂರನೆಯ ದಿನ ಸುಮ್ಮನಾಯಿತು. ಹೊಸ ಸೆಲ್ ಹಾಕಿದರೂ ಇಲ್ಲ.

ಅಂಗಡಿಗೆ ಹೋದೆವು. ಈ ಸಲ ಕಾಫಿ ಬರಲಿಲ್ಲ. "ನಾವು ಮಾರೋರು ಅಷ್ಟೇ ಮೇಡಂ. ರಿಪೇರಿ ಕಂಪನೀದು. ಬೆಂಗ್ಳೂರಿಗೆ ಕಳಿಸ್ತೀವಿ, ಹದಿನೈದು ದಿನ" ಎಂದರು ಮಾಲೀಕರು.

ಹದಿನೈದು ದಿನ ಏಳು ವಾರವಾಯಿತು. ಪ್ರತಿ ವಾರ ಭಾವ ತಾವೇ ಬಸ್ಸು ಹತ್ತಿ ಬಂದು ಕೌಂಟರಿನ ಮುಂದೆ ನಿಲ್ಲುತ್ತಿದ್ದರು. ಅಂಗಡಿಯವರು ಏನೋ ಹೇಳುತ್ತಿದ್ದರು. ಇವರು ಹೂಂ ಎಂದು ವಾಪಸು ಹೋಗುತ್ತಿದ್ದರು. ಮನೆಯಲ್ಲಿ ಅಕ್ಕ "ಏನಂದ್ರು?" ಎಂದು ಕೈಸನ್ನೆ ಮಾಡಿದರೆ, "ಏನೋ ಅಂದ್ರು" ಎನ್ನುತ್ತಿದ್ದರು. ನಾನು ಶಿವಮೊಗ್ಗದಲ್ಲೇ, ಗೋಪಾಳದಲ್ಲಿ ಇದ್ದೂ, ಪರೀಕ್ಷೆ, ವ್ಯಾಲ್ಯುಯೇಶನ್ ಎಂದು ಒಂದು ಸಲವೂ ಜೊತೆಗೆ ಹೋಗಲಿಲ್ಲ.

ಕೊನೆಗೆ ಮೆಷಿನ್ ಬಂತು. ರಿಪೇರಿಯಾಗಿರಲಿಲ್ಲ. ಜೊತೆಗೊಂದು ಚೀಟಿ ಇತ್ತು: ಒಳಗೆ ತೇವ ಹೊಕ್ಕಿದೆ, ಬೆವರು ಇರಬಹುದು, ವಾರಂಟಿಗೆ ಬರುವುದಿಲ್ಲ.

ಆಗ ಕಾರ್ಡಿನ ಹಿಂಬದಿ ಓದಿದೆ. ಹೌದು, ಬರೆದಿದ್ದರು. ಬೆವರಿಗೆ ವಾರಂಟಿ ಇಲ್ಲ. ಮನುಷ್ಯರು ಎದೆಗೆ ಅಂಟಿಸಿಕೊಂಡು ಓಡಾಡಲೆಂದೇ ಮಾಡಿದ ವಸ್ತು ಅದು. ಮೇ ತಿಂಗಳ ಭದ್ರಾವತಿಯಲ್ಲಿ ಬೆವರದ ಎದೆಯನ್ನು ಎಲ್ಲಿಂದ ತರುವುದು?

ನಾನು ಅಂಗಡಿಯಲ್ಲಿ ದನಿ ಏರಿಸಿದೆ. ಅದಕ್ಕೆ ಅವರು, "ತಿಂಗಳಿಗೊಂದ್ಸಲ ಕಂಪನಿ ಇಂಜಿನಿಯರ್ ಬರ್ತಾರೆ. ಅವ್ರ ಹತ್ರಾನೇ ಮಾತಾಡಿ ಮೇಡಂ" ಎಂದರು.

ಆಗಸ್ಟ್‌ನಲ್ಲಿ ಅವನು ಬರುವ ದಿನ ಭಾವನ ಜೊತೆ ನಾನೂ ಹೋದೆ. ಹನ್ನೊಂದಕ್ಕೆ ಬರುತ್ತಾನೆ ಎಂದಿದ್ದರು. ಒಂದು ಗಂಟೆಯಾದರೂ ಇಂಜಿನಿಯರ್ ಇಲ್ಲ. ನನಗೆ ಎರಡಕ್ಕೆ ಕ್ಲಾಸಿತ್ತು. ಬೇರೆ ಯಾರಾದರೂ ತೆಗೆದುಕೊಳ್ಳಲಿ ಎಂದು ಹೇಳಲು ಪಕ್ಕದ ಫೋನ್ ಬೂತಿಗೆ ಹೋದೆ. ನನ್ನ ಮುಂದೆ ಇಬ್ಬರಿದ್ದರು. ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ವಾಪಸು ಬರುವಷ್ಟರಲ್ಲಿ ಇಂಜಿನಿಯರ್ ಬಂದು, ಫಾರಂ ತುಂಬಿಸಿ, ಬ್ಯಾಗಿನ ಜಿಪ್ಪು ಎಳೆಯುತ್ತಿದ್ದ. ಭಾವ ನಗುತ್ತಾ ಕೂತಿದ್ದರು.

ಫಾರಂ ಕೇಳಿ ಇಸಿದುಕೊಂಡು ಓದಿದೆ. ಎಲ್ಲವೂ ಇಂಗ್ಲಿಷಿನಲ್ಲಿ. ಮೆಷಿನ್ ಕೆಳಗೆ ಬಿದ್ದಿತ್ತೇ? ಹೌದು. ನೀರು ತಗುಲಿತ್ತೇ? ಹೌದು. ಸ್ನಾನ ಮಾಡುವಾಗ ಹಾಕಿಕೊಂಡಿದ್ದಿರಾ? ಹೌದು. ಬೇರೆಯವರ ಹತ್ತಿರ ಬಿಚ್ಚಿಸಿದ್ದೀರಾ? ಹೌದು. ಕೆಳಗೆ ಭಾವನ ಸಹಿ ಇತ್ತು. ಕನ್ನಡದಲ್ಲಿ, ಗುಂಡಗೆ, ಗೆರೆ ದಾಟದ ಹಾಗೆ.

"ಇವ್ರಿಗೆ ಕಿವಿ ಕೇಳಲ್ಲ" ಎಂದೆ.

"ಗೊತ್ತು ಮೇಡಂ. ಅದಕ್ಕೇ ಗಟ್ಟಿಯಾಗೇ ಕೇಳ್ದೆ. ಒಂದೊಂದಕ್ಕೂ ಹೂಂ ಅಂದ್ರು."

"ಅವ್ರು ಎಲ್ಲದಕ್ಕೂ ಹೂಂ ಅಂತಾರಪ್ಪ."

"ಸೈನ್ ಮಾಡಿದಾರಲ್ಲ ಮೇಡಂ" ಎಂದು ಅವನು ವಾಚು ನೋಡಿಕೊಂಡ. ಚಿಕ್ಕಮಗಳೂರಿನ ಬಸ್ಸು ಹಿಡಿಯಬೇಕಿತ್ತಂತೆ. ಕೆಟ್ಟ ಹುಡುಗನೇನಲ್ಲ. ಹೋಗುವಾಗ ಭಾವನಿಗೆ ಕೈಮುಗಿದು ಹೋದ. ಭಾವನೂ ಕೈಮುಗಿದರು.

ದಿನವಿಡೀ ಕಿವುಡರ ನಡುವೆಯೇ ಇರುವ ಮನುಷ್ಯ. ಅವರ ಹೂಂ ಎಂಥದ್ದು ಎಂದು ಅವನಿಗೆ ಗೊತ್ತಿರಲಿಲ್ಲವೇ? ಅಥವಾ ಚೆನ್ನಾಗಿ ಗೊತ್ತಿತ್ತೇ? ಇವತ್ತಿಗೂ ನನಗೆ ತೀರ್ಮಾನವಾಗಿಲ್ಲ.

ಅವತ್ತು ಬಸ್‌ಸ್ಟ್ಯಾಂಡಿನವರೆಗೆ ಭಾವನ ಜೊತೆ ನಡೆದೆ. ಅವರು ಖುಷಿಯಲ್ಲಿದ್ದರು. "ಬರ್ಕೊಂಡ ಎಲ್ಲಾನೂ. ಈಗ ಆಗುತ್ತೆ ಬಿಡು" ಎಂದರು. ನಾನು ಹೂಂ ಎಂದೆ.

ಆಮೇಲೆ ಕಂಪನಿಗೆ ನಾಲ್ಕು ಪತ್ರ ಬರೆದೆ, ಎರಡು ರಿಜಿಸ್ಟರ್ಡ್. ಒಂದಕ್ಕೆ ಉತ್ತರ ಬಂತು, ಬಹಳ ಮರ್ಯಾದೆಯ ಇಂಗ್ಲಿಷಿನಲ್ಲಿ. ತಪ್ಪು ತಮ್ಮದೇ ಎಂದು ಗ್ರಾಹಕರೇ ಒಪ್ಪಿದ್ದಾರೆ, ಪ್ರತಿಯನ್ನು ಲಗತ್ತಿಸಿದ್ದೇವೆ. ಹೀಗೆ ಪತ್ರ ಹೋಗುತ್ತಾ ಬರುತ್ತಾ ಇರುವಾಗಲೇ ಈ ಸಂಕ್ರಾಂತಿಯೂ ಬಂತು. ವಾರಂಟಿ ಮುಗಿಯಿತು.

ಗ್ರಾಹಕರ ವೇದಿಕೆಗೆ ಯಾಕೆ ಹೋಗಲಿಲ್ಲ ಎಂದು ನೀವು ಕೇಳುತ್ತೀರಿ. ಕೇಳಲೇಬೇಕು. ಬಿಲ್ ಇಲ್ಲದೆ ಏನನ್ನೂ ಕೊಳ್ಳಬೇಡಿ, ಕಾರ್ಡಿಗೆ ಸೀಲು ಹಾಕಿಸಿ, ಮೋಸವಾದರೆ ದೂರು ಕೊಡಿ ಎಂದು ಇದೇ ಅಂಕಣದಲ್ಲಿ ನಿಮಗೆ ಎಷ್ಟು ಸಲ ಉಪದೇಶ ಮಾಡಿಲ್ಲ ನಾನು? ಬಿಲ್ ಇದೆ. ಕಾರ್ಡ್ ಇದೆ. ಸೀಲೂ ಇದೆ. ನಮ್ಮ ಹತ್ತಿರ ಎಲ್ಲವೂ ಇದೆ. ಅವರ ಹತ್ತಿರ ಒಂದು ಸಹಿ ಇದೆ.

ಗುರುತಿನ ವಕೀಲರೊಬ್ಬರನ್ನು ಕೇಳಿದೆ. "ಹಾಕ್ಬಹುದು ಮೇಡಂ, ಗೆಲ್ಲಲೂಬಹುದು. ಆದ್ರೆ ಆ ಫಾರಂ ಬಗ್ಗೆ ನಿಮ್ ಭಾವ ಬಂದು ತಾವೇ ಹೇಳ್ಬೇಕಾಗುತ್ತೆ" ಎಂದರು.

ಜನ್ನಾಪುರಕ್ಕೆ ಹೋಗಿ, ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ದೊಡ್ಡದಾಗಿ ಎಲ್ಲವನ್ನೂ ಬರೆದು ಭಾವನಿಗೆ ತೋರಿಸಿದೆ. ಫಾರಂನಲ್ಲಿ ಏನಿತ್ತು ಎಂಬುದು ಅವರಿಗೆ ಗೊತ್ತಾದದ್ದೇ ಆಗ. ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಎರಡನೆಯ ಸಲ ಓದಿದರು. ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ವಾಪಸು ಕೊಟ್ಟರು.

"ಬೇಡ ಮಾರಾಯ್ತಿ. ಅಲ್ಲೂ ಏನೇನೋ ಕೇಳ್ತಾರೆ. ನಾನು ಹೂಂ ಅಂತೀನಿ."

ಹೊಸದೊಂದು ತೆಗೆದುಕೊಳ್ಳೋಣ ಎಂದು ಇನ್ನೊಂದು ಹಾಳೆಯಲ್ಲಿ ಬರೆದೆ. ಪೂರ್ತಿ ಓದಲೂ ಇಲ್ಲ, ಬೇಡ ಎಂದು ತಲೆಯಾಡಿಸಿ ಎದ್ದು ಹೋದರು. ಇಷ್ಟು ವರ್ಷದಲ್ಲಿ ಅವರು ಯಾವುದನ್ನಾದರೂ ಬೇಡ ಎಂದದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಕಳೆದ ಭಾನುವಾರ ಮತ್ತೆ ಹೋಗಿದ್ದೆ. ದಾವಣಗೆರೆಗೆ ಕೊಟ್ಟಿರುವ ಅವರ ಮಗಳು ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಾಳೆ. ಮೆಷಿನ್ ಇದ್ದಾಗ ಭಾವ ರಿಸೀವರನ್ನು ಜೇಬಿನ ಡಬ್ಬಿಗೆ ಹಿಡಿದು, ಎದೆ ನೋಡಿಕೊಂಡು ಮಗಳ ಜೊತೆ ಮಾತಾಡುತ್ತಿದ್ದರಂತೆ. ಈಗ ಫೋನ್ ಎತ್ತುವವಳು ಅಕ್ಕ. ಮಗಳು ಅಪ್ಪನನ್ನು ಕೇಳಿರಬೇಕು. "ಅಪ್ಪ ಓಲ್ಡ್ ಟೌನಿಗೆ ಹೋಗಿದಾರೆ ಕಣೆ" ಎಂದಳು ಅಕ್ಕ. ಅವರು ಎದುರಿನ ಕುರ್ಚಿಯಲ್ಲೇ ಕೂತು ಅವಳ ಬಾಯನ್ನೇ ನೋಡುತ್ತಿದ್ದರು. ಫೋನ್ ಇಟ್ಟ ಮೇಲೆ, ಯಾರು ಎಂಬಂತೆ ಹುಬ್ಬು ಹಾರಿಸಿದರು. ಯಾರೂ ಇಲ್ಲ, ರಾಂಗ್ ನಂಬರ್ ಎಂದು ಅಕ್ಕ ಕೈಯಾಡಿಸಿದಳು.

ಒಂದೇ ನಿಮಿಷದಲ್ಲಿ ಮಗಳಿಗೊಂದು ಸುಳ್ಳು, ಗಂಡನಿಗೊಂದು. ಈ ದೂರನ್ನು ನಾನು ಯಾವ ವೇದಿಕೆಗೆ ಕೊಡಲಿ?