ಇಲ್ಲದ ಸಪ್ಪಳ

ತಿಂಗಳಿಂದ ನನ್ನ ಪಿಕಪ್ ಹಿಂದಿನಿಂದ ಗುಂಯ್ ಅನ್ನುತ್ತಿತ್ತು. ಸಿಂಧನೂರು ದಾಟಿದ ಮೇಲೆ ಜೋರಾಯಿತು. ಮಸ್ಕಿಯಲ್ಲಿ ಗ್ಯಾರೇಜೊಂದರ ಮುಂದೆ ನಿಲ್ಲಿಸಿದೆ. ವಯಸ್ಸಾದ ಮಿಸ್ತ್ರಿ ನನ್ನ ಪಕ್ಕ ಹತ್ತಿ ಕೂತು, "ಓಡಿಸ್ರಿ, ಕೇಳೂಣು" ಅಂದರು.

ಆಕ್ಸಿಲರೇಟರ್ ಬಿಟ್ಟರೂ ಸಪ್ಪಳ ತಗ್ಗಲಿಲ್ಲ. ಬಲಕ್ಕೆ ಹೊರಳಿಸಿದರೆ ಹೆಚ್ಚಾಯಿತು.

"ಒಳಗಿನ ಕ್ರೌನ್ ಗೇರು ಚಲೋ ಐತಿ. ಹಿಂದಿನ ಆ್ಯಕ್ಸಲ್‌ದು ಎಡಗಡೆ ಬೇರಿಂಗ್ ಹೋಗೈತಿ. ಇಷ್ಟು ದಿನ ಸಂಗಾಟ ಕುಂತೋರು ಯಾರೂ ಹೇಳಲಿಲ್ಲೇನ್ರಿ?"

"ಯಾರೂ ಕುಂದರಂಗಿಲ್ರಿ."

ಮಧ್ಯಾಹ್ನದೊಳಗೆ ಚಕ್ರ ಬಿಚ್ಚಿ, ಆ್ಯಕ್ಸಲ್ ಎಳೆದು, ಹೊಸ ಬೇರಿಂಗ್ ಕೂರಿಸಿದರು. ಮತ್ತೆ ಇಬ್ಬರೂ ಲಿಂಗಸುಗೂರು ರಸ್ತೆಗೆ ಬಿದ್ದೆವು. ಗಾಡಿ ಎಣ್ಣೆಯ ಹಾಗೆ ಜಾರಿತು. ಮಿಸ್ತ್ರಿ ಖುಷಿಯಲ್ಲಿ ಮಾತಿಗಿಳಿದರು. ಹಟ್ಟಿ ಗಣಿಯಲ್ಲಿ ಪಾಳಿ ಮಾಡುವ ಅಳಿಯನ ಕತೆ.

"ಸಾರಿಗೆ ಉಪ್ಪಿಲ್ಲಂತ ತಾಟು ಬಿಟ್ಟು ಎದ್ದಾನ ನೋಡ್ರಿ! ನಮ್ಮಾಕಿ ಸುಮ್ನ ಬಿಡ್ತಾಳೇನು?"

ಎಷ್ಟೋ ದಿನದ ಮೇಲೆ ಒಬ್ಬರು ನನ್ನ ಮುಖ ನೋಡಿ ಇಷ್ಟುದ್ದ ಮಾತಾಡಿದ್ದರು. ಅಷ್ಟರಲ್ಲಿ ಅವರು, "ಎಲ್ಲಾ ಬರೋಬರಿ ಐತಿ. ಗ್ಯಾರೇಜಿಗೆ ಗಾಡಿ ಹೊಳ್ಳಸ್ರಿ" ಅಂದುಬಿಟ್ಟರು.

ಇಳಿದು ಹೋಗಿಬಿಡುತ್ತಾರಲ್ಲ ಅಂತ ಸುಳ್ಳು ಹೇಳಿದೆ: "ಇನ್ನೂ ಸಣ್ಣಗ ಕೇಳಾಕತ್ತೈತಿ ನೋಡ್ರಿ. ಇನ್ನೊಂದೀಟು ಮುಂದ ಹೋಗೂಣು."

ಮಿಸ್ತ್ರಿ ಗಂಭೀರರಾದರು. ತಲೆ ಓರೆ ಮಾಡಿ, ಕಣ್ಣು ಮುಚ್ಚಿ ಕಿವಿಗೊಟ್ಟರು. ಒಂದು ಮೈಲಿ ಹೋಯಿತು, ಎರಡು ಹೋಯಿತು. ತಡೆಯದೆ ಕೇಳಿದೆ: "ಆಮ್ಯಾಲ ನಿಮ್ಮಾಕಿ ಅಳಿಯಗ ಏನಂದ್ರು?"

"ಶ್! ಸುಮ್ಕಿರ್ರಿ. ಕೇಳಾಕ ಬಿಡ್ರಿ."

ವಾಪಸು ಮಸ್ಕಿ ಮುಟ್ಟುವ ತನಕ ಅವರು ತುಟಿ ಬಿಚ್ಚಲಿಲ್ಲ. ಕೆಲಸವಂತೂ ಅಚ್ಚುಕಟ್ಟಾಗಿತ್ತು, ಅಷ್ಟು ಹೊತ್ತಿನಲ್ಲಿ ಗಾಡಿಯೊಳಗೆ ಒಂದೇ ಒಂದು ಸಪ್ಪಳ ಕೇಳಿಬಂದಿದ್ದರೆ ಹೇಳಿ.