ಕಾಡವರೆಯ ಕೊನೆಯ ಡಬ್ಬಿ

ಚಾಮರಾಜಪುರಂನ ಸಿದ್ದಲಿಂಗಸ್ವಾಮಿ ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಮೇಲೆ ದಂಡೆತ್ತಿ ಹೋಗುತ್ತಿದ್ದ. ಸೇನೆ ಎಂದರೆ ಅವನೊಬ್ಬನೇ. ಆಯುಧ, ಕಡ್ಡಿ ಮುರಿದ ಒಂದು ಕೊಡೆ. ಹೆಗಲಿಗೆ ಬಟ್ಟೆಯ ಚೀಲ. ಭಕ್ತಾದಿಗಳು ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತ ಮೇಲೇರಿದರೆ, ನಮ್ಮ ವೀರ ಅರ್ಧದಲ್ಲೇ ಮೆಟ್ಟಿಲು ಬಿಟ್ಟು ಮುಳ್ಳುಪೊದೆಗೆ ನುಗ್ಗುವನು. ಇಳಿಯುವಾಗ ಮೈಕೈಯೆಲ್ಲ ಗೀರು, ಚೀಲದ ತುಂಬ ಒಣಗಿದ ಕಾಯಿ.

ಉಳಿದ ದಿನಗಳಲ್ಲಿ ಅವನು ಜೆರಾಕ್ಸ್ ಅಂಗಡಿಯವನು. ಕೆಟ್ಟುಹೋದ ಪ್ರತಿಗಳನ್ನು ಎಸೆಯದೆ ಪೊಟ್ಟಣ ಕಟ್ಟುತ್ತಿದ್ದ. ಯಾರದೋ ಮಾರ್ಕ್ಸ್ ಕಾರ್ಡಿನಲ್ಲಿ ಕಾರೆ ಬೀಜ, ಯಾರದೋ ಜಾತಿ ಪ್ರಮಾಣಪತ್ರದಲ್ಲಿ ಕಕ್ಕೆ ಬೀಜ. ಬೆಟ್ಟದ ಗಿಡಗಳೆಲ್ಲ ಹೀಗೆ ದಾಖಲೆ ಸಮೇತ ಅಟ್ಟ ಸೇರಿದ್ದವು.

“ಪ್ರಸಾದ ತಾರೋ ಅಂದ್ರೆ ಕಸ ತರ್ತೀಯಲ್ಲೋ ಸಿದ್ದು,” ಎಂದು ಅಕ್ಕ ನೀಲಮ್ಮ ಗದರುವಳು. “ಈ ಕಸ ನೋಡೇ ಹೆಣ್ಣು ಕೊಡೋಕೆ ಬಂದೋರು ಅಂಗೇ ವಾಪಸ್ ಹೋದ್ರು.” ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದು, ಅಡುಗೆಮನೆಯನ್ನೂ ತಮ್ಮನನ್ನೂ ಒಟ್ಟಿಗೆ ವಶಪಡಿಸಿಕೊಂಡವಳು ಅವಳು.

ಅಷ್ಟು ಬೀಜಗಳಲ್ಲಿ ಅವನ ಪ್ರಾಣವಿದ್ದದ್ದು ಕಾಡವರೆಯಲ್ಲಿ. ಬಂಡೆಯೊಂದನ್ನು ತಬ್ಬಿಕೊಂಡಿದ್ದ ಒಂದೇ ಬಳ್ಳಿ, ಉಗುರಿನಷ್ಟು ನೇರಳೆ ಹೂ. ಉಳಿದವನ್ನೆಲ್ಲ ಲಂಟಾನದ ಕಳೆ ನುಂಗಿತ್ತು. ಎಷ್ಟು ಅಲೆದರೂ ಇನ್ನೊಂದು ಬಳ್ಳಿ ಸಿಗಲಿಲ್ಲ. ಹಿಂದಿನ ವರ್ಷ ತಂದ ಬೀಜವನ್ನು ಬಿತ್ತಲೆಂದು ಪೊಟ್ಟಣ ಬಿಚ್ಚಿದರೆ ಒಳಗೆ ಬರೀ ಹಿಟ್ಟು, ಹಿಟ್ಟಿನಲ್ಲಿ ವಿಹರಿಸುವ ಹುಳು. ಅದಕ್ಕೇ ಈ ಸಲದ ಬೀಜ ಹಿಡಿದು ಅಕ್ಕನ ಮುಂದೆ ಕೈಯೊಡ್ಡಿದ.

“ಒಂದು ಒಳ್ಳೆ ಡಬ್ಬಿ ಕೊಡಕ್ಕ. ಇದಕ್ಕೆ ಮಾತ್ರ ಹುಳ ಬೀಳ್ಬಾರ್ದು. ಬೆಟ್ಟದಲ್ಲಿ ಇರೋದೇ ಇಷ್ಟು.”

ನೀಲಮ್ಮ ಅಂದು ಮೊದಲ ಬಾರಿಗೆ ಗದರದೆ ಕೈಚಾಚಿದಳು. “ಕೊಡಿಲ್ಲಿ. ಹುಳದ ಚಿಂತೆ ನಂಗ್ ಬುಡು.”

ಮಾರ್ಚಿನಲ್ಲಿ ಬೆಟ್ಟಕ್ಕೆ ಬೆಂಕಿ ಬಿತ್ತು. ಯಾರೋ ಬೀಡಿ ಎಸೆದರಂತೆ. ಭಾನುವಾರ ಹೋಗಿ ನೋಡಿದರೆ ಬಂಡೆ ಕರ್ರಗೆ ನಿಂತಿತ್ತು; ಬಳ್ಳಿಯ ಬುಡ ಮುಟ್ಟಿದರೆ ಬೂದಿಯಾಗಿ ಉದುರಿತು. ಸಿದ್ದಲಿಂಗಸ್ವಾಮಿ ಅಳಲಿಲ್ಲ. ಖಜಾನೆ ಭದ್ರವಾಗಿರುವಾಗ ಕೋಟೆ ಬಿತ್ತೆಂದು ಯಾವ ಅರಸ ಅಳುತ್ತಾನೆ? ಮನೆಯಲ್ಲಿ ಡಬ್ಬಿ ಇತ್ತಲ್ಲ!

ಮುಂಗಾರು ಬಂತು. ತಾರಸಿಯ ಮೇಲೆ ಕುಂಡಗಳ ಪಡೆ ಸಜ್ಜಾಯಿತು. ಡಬ್ಬಿ ತೆರೆದರೆ ಮದ್ದಿಗೂ ಒಂದು ಹುಳುವಿಲ್ಲ! ಏನೋ ಘಮ ಬಂದಂತಾಯಿತು. ಅಡುಗೆಮನೆಯ ಡಬ್ಬಿಯಲ್ಲವೇ ಎಂದುಕೊಂಡ. ಇನ್ನೂ ಇಟ್ಟರೆ ಹುಳು ಬಿದ್ದೀತೆಂದು ಹೆದರಿ ಒಂದು ಕಾಳನ್ನೂ ಉಳಿಸದೆ ಬಿತ್ತಿಬಿಟ್ಟ.

ನೀರು ಹಾಕುವ ಕೆಲಸವನ್ನು ಅಕ್ಕ ತಾನಾಗಿ ವಹಿಸಿಕೊಂಡಳು. ಲಿಂಗಪೂಜೆ ಮುಗಿದರೆ ನೇರ ತಾರಸಿಗೆ. ಕುಂಡಗಳಲ್ಲಿ ಹುಲ್ಲು ಬಂತು, ಪಕ್ಕದ ಮನೆಯ ಬೇವು ಬಂತು, ಅಣಬೆ ಕೂಡ ಕೊಡೆ ಬಿಚ್ಚಿತು. ಕಾಡವರೆ ಬರಲಿಲ್ಲ.

ಆಷಾಢ ಕಳೆದ ಮೇಲೆ ಅವನು ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕಿದ. ಬೀಜ ಕೊಳೆತು ಲೋಳೆಯಾಗಿತ್ತು.

“ಒಳಗೇ ಹುಳ ಇತ್ತೇನೋ ಅಕ್ಕ.”

“ಛೆ, ಹುಳ ಎಂಗಿರತ್ತೆ! ರವೆ ಹುರಿಯೋ ಹೊತ್ನಲ್ಲಿ ಇದ್ನೂ ಬಾಣಲೆಗೆ ಹಾಕಿ, ಸಣ್ಣ ಉರೀಲಿ, ಘಮ್ ಅನ್ನೋವರ್ಗೂ ಹುರಿದಿಟ್ಟಿದ್ದೆ ಕಣೋ. ಮನೆ ಬೇಳೆಗೂ ನಾನಷ್ಟು ಜೋಪಾನ ಮಾಡಲ್ಲ.”

ಹುರಿದ ಬೀಜ ಮೊಳೆಯದೆಂದು ಮಗುವಿಗೂ ಗೊತ್ತು. ನೀಲಮ್ಮನಿಗೂ, ಕೇಳಿದ್ದರೆ, ಗೊತ್ತಿತ್ತು. ಆದರೆ ಮಳೆಗಾಲಕ್ಕೆ ಮುಂಚೆ ಡಬ್ಬಿಯಲ್ಲಿದ್ದದ್ದನ್ನು ಹುರಿದಿಡುವ ಕೈ ತಲೆಯನ್ನು ಕೇಳಿ ಕೆಲಸ ಮಾಡುವುದಿಲ್ಲ. ಸಿದ್ದಲಿಂಗಸ್ವಾಮಿ ತಲೆಯೆತ್ತಿದ. ಹುಳದ ಭಯ ಹಚ್ಚಿದವನು ತಾನೇ. ಅಕ್ಕನ ಸೆರಗಿಗೆ ಕುಂಡದ ಮಣ್ಣು ಮೆತ್ತಿತ್ತು. ಇಷ್ಟು ವರ್ಷ ಕಸವೆಂದವಳು ಈ ಒಂದು ಸಲ ಕಸವೆಂದಿರಲಿಲ್ಲ. ಅವಳ ಹಿಂದೆ ಬೆಟ್ಟ ಹಚ್ಚಗೆ ಕಾಣುತ್ತಿತ್ತು, ಎಲ್ಲ ಲಂಟಾನ.

“ಯಾಕೋ ಅಂಗ್ ನೋಡ್ತೀಯ? ಹುರಿದಿದ್ದು ಸಾಲ್ದೇನೋ? ಮುಂದಿನ ಸಲ ತಗೊಂಬಾ, ಇನ್ನೊಂಚೂರು ಚೆನ್ನಾಗಿ ಹುರ್ಕೊಡ್ತೀನಿ.”

“ಹೂಂ ಅಕ್ಕ,” ಎಂದ.

ಅವಳು ಪಕ್ಕದ ಕುಂಡಕ್ಕೆ ನೀರು ಹೊಯ್ದಳು. ಚೆಂಬು ಬರಿದಾಯಿತು. ಅವನು ಎದ್ದು ಅದನ್ನು ಇಸಿದುಕೊಂಡು ಮತ್ತೆ ತುಂಬಿಸಿ ತಂದ.